ಗಾಜನ್ನು ತಣಿಸುವ ವಿದ್ಯೆ

ಮಳೆಗಾಲದ ಬೆಳಿಗ್ಗೆ ದಪ್ಪ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದಾಗ ‘ಟಪ್’ ಎಂದು ಸದ್ದಾಗಿ ತಳ ಕಳಚಿಕೊಳ್ಳುವುದು ಅನೇಕ ಮನೆಗಳಲ್ಲಿ ನಡೆದಿರುವ ಸಂಗತಿ. ಮೊದಲು ಲೋಟದಲ್ಲಿ ಒಂದು ಚಮಚ ಇಟ್ಟು ಆಮೇಲೆ ಸುರಿಯಬೇಕು ಎಂದು ಮನೆಯ ಹಿರಿಯರು ಗದರುವುದೂ ಉಂಟು. ವಿಚಿತ್ರವೆಂದರೆ ಹೀಗೆ ಒಡೆಯುವುದು ಹೆಚ್ಚಾಗಿ ದಪ್ಪ ಲೋಟವೇ. ನೋಡಲು ನಾಜೂಕಾದ ತೆಳು ಲೋಟ ಅದೇ ಬಿಸಿಯನ್ನು ತಡೆದುಕೊಂಡುಬಿಡುತ್ತದೆ.

ಕಾರಣ ಸರಳ. ಗಾಜಿನಲ್ಲಿ ಶಾಖ ಬೇಗ ಹರಿಯುವುದಿಲ್ಲ. ಒಳಮೈ ಬಿಸಿಯಾಗಿ ಹಿಗ್ಗಲು ಹೊರಟಾಗ ಹೊರಮೈಗೆ ಇನ್ನೂ ಆ ಸುದ್ದಿಯೇ ಮುಟ್ಟಿರುವುದಿಲ್ಲ. ಲೋಹವಾಗಿದ್ದರೆ ಕೊಂಚ ಬಾಗಿ ಹೊಂದಿಕೊಳ್ಳುತ್ತಿತ್ತು. ಗಾಜಿಗೆ ಬಾಗುವುದು ಗೊತ್ತಿಲ್ಲ, ಬಿರಿಯುವುದು ಮಾತ್ರ ಗೊತ್ತು. ಗೋಡೆ ದಪ್ಪವಾದಷ್ಟೂ ಒಳ ಹೊರಗಿನ ಅಂತರ ಹೆಚ್ಚು, ಅಪಾಯವೂ ಹೆಚ್ಚು.

ಅಡುಗೆಮನೆಯ ಈ ಚಿಕ್ಕ ಅಪಘಾತದಲ್ಲಿ ಗಾಜಿನ ಮೂರೂವರೆ ಸಾವಿರ ವರ್ಷಗಳ ಇತಿಹಾಸದ ಒಂದು ಮುಖ್ಯ ಎಳೆ ಅಡಗಿದೆ. ಗಾಜಿನ ಕೆಲಸ ಎಂದೊಡನೆ ಕಣ್ಣಿಗೆ ಕಟ್ಟುವುದು ಉದ್ದನೆಯ ಕೊಳವೆಯ ತುದಿಯಲ್ಲಿ ಕೆಂಡದ ಉಂಡೆಯನ್ನು ಊದುತ್ತಿರುವ ಕುಶಲಕರ್ಮಿಯ ಚಿತ್ರ. ಆದರೆ ಊದುವ ವಿದ್ಯೆ ಬರುವುದಕ್ಕೆ ಸಾವಿರದೈನೂರು ವರ್ಷ ಮೊದಲೇ ಮನುಷ್ಯ ಗಾಜಿನ ಪಾತ್ರೆ ಮಾಡುತ್ತಿದ್ದ. ಗಾಜಿನ ಚೂರು, ಪುಡಿ, ಹಲ್ಲೆಗಳನ್ನು ಅಚ್ಚಿನಲ್ಲಿಟ್ಟು, ಕುಂಬಾರ ಮಡಕೆಯನ್ನು ಆವಿಗೆಗೆ ಹಾಕುವಂತೆ ಕುಲುಮೆಯೊಳಗಿಟ್ಟು, ಅಲ್ಲೇ ಕರಗಿಸಿ, ಅಲ್ಲೇ ಆಕಾರ ಕೊಟ್ಟು, ಅಲ್ಲೇ ತಣಿಸುವುದು ಆ ಕಾಲದ ಒಂದು ಮುಖ್ಯ ಮಾರ್ಗ. ಅದು ಮಧ್ಯೆ ಶತಮಾನಗಳ ಕಾಲ ಮರೆಯಾಗಿ, 19ನೇ ಶತಮಾನದ ಕೊನೆಯಲ್ಲಿ ಮತ್ತೆ ತಲೆಯೆತ್ತಿತು. ಮರೆಯಾದದ್ದಕ್ಕೂ ಮರಳಿದ್ದಕ್ಕೂ ಕಾರಣ ಕಾಫಿ ಲೋಟವನ್ನು ಒಡೆಯುವ ಆ ಗುಣವೇ.

ಕುಲುಮೆಗೆ ಮುಹೂರ್ತ

ಪ್ರಾಚೀನ ಅಸ್ಸೀರಿಯಾದ ದೊರೆ ಅಶುರ್‌ಬನಿಪಾಲ ಕ್ರಿ.ಪೂ. 7ನೇ ಶತಮಾನದಲ್ಲಿ ನಿನೆವೆ ನಗರದಲ್ಲಿ ದೊಡ್ಡ ಗ್ರಂಥಾಲಯವನ್ನು ಕೂಡಿಹಾಕಿದ್ದ. ಅದರ ಮಣ್ಣಿನ ಫಲಕಗಳಲ್ಲಿ ಕೆಲವು ಗಾಜು ತಯಾರಿಕೆಯ ಕೈಪಿಡಿಗಳು. ಎ. ಲಿಯೋ ಒಪೆನ್‌ಹೈಮ್ ಎಂಬ ವಿದ್ವಾಂಸರು ಇವನ್ನು ಓದಿ 1970ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗಾಜಿನ ಕುಲುಮೆಗೆ ತಳಪಾಯ ಹಾಕುವ ಮುನ್ನ ಒಳ್ಳೆಯ ತಿಂಗಳಿನಲ್ಲಿ ಒಳ್ಳೆಯ ದಿನ ನೋಡಬೇಕು, ‘ಕುಬು’ ಎಂಬ ದೈವಗಳ ಮೂರ್ತಿಗಳನ್ನು ಇರಿಸಿ ಬಲಿ ಅರ್ಪಿಸಬೇಕು, ಅಪರಿಚಿತರೂ ಮೈಲಿಗೆಯವರೂ ಒಳಗೆ ಬರಕೂಡದು, ಇಂಥದೇ ಮರದ ತೊಗಟೆ ಸುಲಿದ ಕೊರಡುಗಳನ್ನೇ ಉರಿಸಬೇಕು, ಹೊಗೆಯಿಲ್ಲದ ಬೆಂಕಿಯಾಗಬೇಕು ಎಂದೆಲ್ಲ ಅವು ವಿಧಿಸುತ್ತವೆ. ನಮ್ಮಲ್ಲಿ ಮನೆಗೆ ಗುದ್ದಲಿಪೂಜೆ ಮಾಡುವವರಿಗೆ ಇದರಲ್ಲಿ ಅಪರಿಚಿತವೆನಿಸುವುದು ಹೆಚ್ಚೇನೂ ಇಲ್ಲ.

ಇದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಉಷ್ಣತೆ ಅಳೆಯುವ ಯಾವ ಸಾಧನವೂ ಇಲ್ಲದ ಕಾಲವದು. ಗಾಜು ಕೆಂಪಗೆ ಹೊಳೆಯುತ್ತಿದೆಯೇ, ಹೊನ್ನಿನ ಬಣ್ಣಕ್ಕೆ ತಿರುಗಿತೇ ಎಂಬ ಕಣ್ಣಂದಾಜಿನ ಮೇಲೇ ಎಲ್ಲವೂ ನಿಂತಿತ್ತು. ಸೌದೆಯ ಜಾತಿ ಬದಲಾದರೆ ಉರಿ ಬದಲಾಗುತ್ತದೆ. ಹತ್ತಾರು ದಿನಗಳ ದುಡಿಮೆ ಕಾರಣವೇ ತಿಳಿಯದೆ ಒಡೆದು ಚೂರಾಗುವ ವೃತ್ತಿಯಲ್ಲಿ ದೈವದ ಮೊರೆ ಹೋಗುವುದು ಸಹಜವೇ ಆಗಿತ್ತು.

ಆ ಫಲಕಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮೆಸೊಪೊಟೇಮಿಯದವರು ಲಾಪಿಸ್ ಲಾಜುಲಿ ಎಂಬ ನೀಲಿ ಕಲ್ಲನ್ನು ‘ಬೆಟ್ಟದ ನೀಲಿ’ ಎಂದೂ, ಅದನ್ನು ಹೋಲುವ ಗಾಜನ್ನು ‘ಕುಲುಮೆಯ ನೀಲಿ’ ಎಂದೂ ಕರೆಯುತ್ತಿದ್ದರು. ಅವರ ಪಾಲಿಗೆ ಗಾಜು ಕಿಟಕಿಗೆ ಹಾಕುವ ಪಾರದರ್ಶಕ ವಸ್ತುವಾಗಿರಲಿಲ್ಲ, ಮನುಷ್ಯನೇ ಮಾಡಿದ ರತ್ನವಾಗಿತ್ತು. ಈಜಿಪ್ಟಿನ ಅಮರ್ನಾದಲ್ಲಿ ಸಿಕ್ಕ ಕ್ರಿ.ಪೂ. 14ನೇ ಶತಮಾನದ ಪತ್ರಗಳಲ್ಲಿ ಸಾಮಂತರು ಫೆರೋಗೆ ಗಾಜನ್ನು ಕಾಣಿಕೆಯಾಗಿ ಕಳುಹಿಸಿದ ಉಲ್ಲೇಖಗಳಿವೆ.

ಇಂಥ ಗಾಜಿನ ವ್ಯಾಪಾರ ಹೇಗಿತ್ತೆಂಬುದನ್ನು ತೋರಿಸಿದ್ದು ಮುಳುಗಿದ ಹಡಗೊಂದು. ಟರ್ಕಿಯ ದಕ್ಷಿಣ ತೀರದ ಉಲುಬುರುನ್ ಎಂಬಲ್ಲಿ ಸ್ಪಂಜು ಹೆಕ್ಕುವ ಮುಳುಗುಗಾರನೊಬ್ಬ 1982ರಲ್ಲಿ ಕಂಡ ಈ ಹಡಗು ಮುಳುಗಿದ್ದು ಕ್ರಿ.ಪೂ. 14ನೇ ಶತಮಾನದ ಕೊನೆಗೆ. 1984ರಿಂದ 1994ರವರೆಗೆ ನಡೆದ ಶೋಧದಲ್ಲಿ ತಾಮ್ರ, ತವರ, ಆನೆದಂತಗಳ ಜೊತೆಗೆ ಸುಮಾರು 175 ಗಾಜಿನ ಗಟ್ಟಿಗಳು ಸಿಕ್ಕವು. ಹೆಚ್ಚಿನವು ಕೋಬಾಲ್ಟಿನ ಕಡುನೀಲಿ ಅಥವಾ ಹಸಿರುನೀಲಿ ಬಣ್ಣದ ದುಂಡನೆಯ ಬಿಲ್ಲೆಗಳು. ಅಂದರೆ ಗಾಜನ್ನು ತಯಾರಿಸುವವರು ಒಂದೆಡೆ, ಅದನ್ನು ಮತ್ತೆ ಕಾಯಿಸಿ ವಸ್ತುವಾಗಿಸುವವರು ಇನ್ನೊಂದೆಡೆ. ಈಜಿಪ್ಟಿನ ಕಂತಿರ್ ಎಂಬಲ್ಲಿ ಗಾಜಿನ ಗಟ್ಟಿ ಎರೆಯುತ್ತಿದ್ದ ಕ್ರಿ.ಪೂ. 13ನೇ ಶತಮಾನದ ಕಾರ್ಯಾಗಾರದ ಕುರುಹುಗಳೂ ಆಮೇಲೆ ದೊರೆತವು.

ಬಟ್ಟಲಾಗುವ ಬಿಲ್ಲೆ

ಗಟ್ಟಿ ಕೊಂಡವನು ಏನು ಮಾಡುತ್ತಿದ್ದ? ಈಜಿಪ್ಟಿನಲ್ಲಿ ಜೇಡಿಮಣ್ಣಿನ ತಿರುಳಿನ ಸುತ್ತ ಬಿಸಿಗಾಜನ್ನು ಸುತ್ತಿ, ಆಮೇಲೆ ತಿರುಳನ್ನು ಕೆರೆದು ತೆಗೆದು ಸುಗಂಧದ ಪುಟ್ಟ ಸೀಸೆಗಳನ್ನು ಮಾಡುವುದು ರೂಢಿಯಲ್ಲಿತ್ತು. ಇದಕ್ಕಿಂತ ಸೊಗಸಾದ ಕೆಲಸ ಮೊಸಾಯಿಕ್ ಬಟ್ಟಲಿನದು. ಬೇರೆ ಬೇರೆ ಬಣ್ಣದ ಗಾಜನ್ನು ಒಂದರ ಸುತ್ತ ಒಂದು ಹೊದಿಸಿ, ಕಾಯಿಸಿ, ಉದ್ದಕ್ಕೆ ಎಳೆದು ಕೋಲು ಮಾಡುತ್ತಾರೆ. ಆ ಕೋಲನ್ನು ಬಾಳೆದಿಂಡು ಹೆಚ್ಚಿದಂತೆ ಅಡ್ಡಡ್ಡ ಕತ್ತರಿಸಿದರೆ ಪ್ರತಿ ಬಿಲ್ಲೆಯಲ್ಲೂ ಅದೇ ಹೂವು, ಅದೇ ಸುರುಳಿ. ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿ ಕುಲುಮೆಯಲ್ಲಿ ಕಾಯಿಸಿದರೆ ಅವು ಒಂದಕ್ಕೊಂದು ಬೆಸೆದು ಹಲ್ಲೆಯಾಗುತ್ತವೆ. ಆ ಹಲ್ಲೆಯನ್ನು ಕವುಚಿಟ್ಟ ಅಚ್ಚಿನ ಮೇಲಿಟ್ಟು ಮತ್ತೆ ಹದವಾಗಿ ಕಾಯಿಸಿದರೆ ಅದು ತನ್ನ ಭಾರಕ್ಕೇ ಬಾಗಿ, ಕೆಳಗಿಳಿದು ಬಟ್ಟಲಾಗುತ್ತದೆ. ಕಾವಲಿಯಂತೆ ಚಪ್ಪಟೆಯಾಗಿದ್ದದ್ದು ಯಾರೂ ಮುಟ್ಟದೆ ಬೋಗುಣಿಯಾಗುವ ಈ ಕ್ರಿಯೆ ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತದೆ.

ಇಟಲಿಯ ಕನೋಸಾದ ಗೋರಿಗಳಲ್ಲಿ ಸಿಕ್ಕ ಕ್ರಿ.ಪೂ. 3ನೇ ಶತಮಾನದ ಬಟ್ಟಲುಗಳಂತೂ ಈ ವಿದ್ಯೆಯ ಶಿಖರ. ಎರಡು ಬಣ್ಣವಿಲ್ಲದ ಗಾಜಿನ ಬಟ್ಟಲುಗಳು ಒಂದರೊಳಗೊಂದು ಸರಿಯಾಗಿ ಕೂರುವಂತೆ ಮಾಡಿ, ನಡುವೆ ಚಿನ್ನದ ತಗಡಿನಲ್ಲಿ ಕತ್ತರಿಸಿದ ಬಳ್ಳಿ ಹೂಗಳನ್ನು ಇರಿಸಲಾಗಿದೆ. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ 1900-01ರಲ್ಲಿ ಮೇಲೆತ್ತಿದ ಪ್ರಸಿದ್ಧ ಹಡಗಿನಲ್ಲೂ ಮೊಸಾಯಿಕ್ ಬಟ್ಟಲುಗಳಿದ್ದವು. ಆ ಹಡಗಿನ ಹಲ್ಲುಚಕ್ರದ ಯಂತ್ರದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬಟ್ಟಲುಗಳನ್ನು ಕೇಳುವವರು ಕಡಿಮೆ.

ಈ ಸರಕು ನಮ್ಮ ತೀರಕ್ಕೂ ಬಂದಿತ್ತು. ಕ್ರಿ.ಶ. ಮೊದಲ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾ ಕೈಪಿಡಿ, ಇಂದಿನ ಭರೂಚ್ ಮತ್ತು ಕೇರಳ ತೀರದ ಮುಝಿರಿಸ್ ಬಂದರುಗಳಿಗೆ ಪಶ್ಚಿಮದಿಂದ ಬರುತ್ತಿದ್ದ ಸಾಮಾನುಗಳ ಪಟ್ಟಿಯಲ್ಲಿ ಕಚ್ಚಾ ಗಾಜನ್ನು ಹೆಸರಿಸುತ್ತದೆ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮನ್ ಗಾಜಿನ ಬಟ್ಟಲುಗಳ ಚೂರುಗಳು ಸಿಕ್ಕಿವೆ. ಹಾಗೆಂದು ನಮ್ಮವರಿಗೆ ಗಾಜು ಗೊತ್ತಿರಲಿಲ್ಲ ಎಂದಲ್ಲ. ಅದೇ ಅರಿಕಮೇಡು ಗಾಜಿನ ಮಣಿಗಳಿಗೆ ಹೆಸರಾದ ಊರು. ಗಾಜು ನಮ್ಮಲ್ಲಿ ಮಣಿಯಾಯಿತು, ಬಳೆಯಾಯಿತು, ಬಳೆಗಾರನ ಮಲಾರವೇರಿ ಊರೂರು ಸುತ್ತಿತು. ಪಾತ್ರೆಯ ಸ್ಥಾನವನ್ನು ಮಾತ್ರ ಕಂಚು, ಹಿತ್ತಾಳೆ, ಮಣ್ಣುಗಳಿಂದ ಕಸಿದುಕೊಳ್ಳಲಿಲ್ಲ.

ಕ್ರಿ.ಪೂ. ಮೊದಲ ಶತಮಾನದ ನಡುವಿಗೆ ಪೂರ್ವ ಮೆಡಿಟರೇನಿಯನ್ ತೀರದಲ್ಲಿ ಯಾರೋ ಗಾಜಿನ ಕೊಳವೆಯ ತುದಿಯನ್ನು ಊದಿ ಗುಳ್ಳೆ ಮಾಡಿದರು. ಜೆರುಸಲೇಮಿನ ಹಳೆಯ ನಗರದ ಉತ್ಖನನದಲ್ಲಿ ಅಂಥ ಆರಂಭದ ಪ್ರಯತ್ನಗಳ ತ್ಯಾಜ್ಯವೇ ದೊರೆತಿದೆ. ಅಲ್ಲಿಂದ ಮುಂದೆ ಎಲ್ಲವೂ ಬೇಗ ನಡೆಯಿತು. ದಿನಗಟ್ಟಲೆ ಹಿಡಿಯುತ್ತಿದ್ದ ಪಾತ್ರೆ ನಿಮಿಷಗಳಲ್ಲಿ ಸಿದ್ಧವಾಗತೊಡಗಿತು. ರೋಮಿನಲ್ಲಿ ಒಂದು ತಾಮ್ರದ ಕಾಸಿಗೆ ಗಾಜಿನ ಬಟ್ಟಲು ಸಿಗುತ್ತದೆ ಎಂದು ಭೂಗೋಳಕಾರ ಸ್ಟ್ರಾಬೋ ಬರೆದ. ಊದಿದ ಗಾಜಿನ ಗೋಡೆ ತೆಳು. ತೆಳು ಗೋಡೆ ಬೇಗ, ಸಮವಾಗಿ ತಣಿಯುತ್ತದೆ. ಆವಿಗೆಯ ದಪ್ಪ ಗಾಜು ಪೈಪೋಟಿಯಲ್ಲಿ ಸೋತು, ಕ್ರಮೇಣ ಅದನ್ನು ಮಾಡುವ ಕೈಗಳೇ ಇಲ್ಲವಾದವು.

ರೂಪರ್ಟನ ಹನಿ

ದಪ್ಪ ಗಾಜು ಏಕೆ ಅಷ್ಟು ಹಟಮಾರಿ ಎಂಬುದನ್ನು ತೋರಿಸುವ ಆಟಿಕೆಯೊಂದು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜನಪ್ರಿಯವಾಯಿತು. ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬೀಳಿಸಿದರೆ ಬಾಲವಿರುವ ಗೊದಮೊಟ್ಟೆಯಂಥ ತುಂಡಾಗುತ್ತದೆ. ಅದರ ತಲೆಯನ್ನು ಸುತ್ತಿಗೆಯಿಂದ ಬಡಿದರೂ ಒಡೆಯದು. ಬಾಲದ ತುದಿಯನ್ನು ಬೆರಳಿನಲ್ಲಿ ಮುರಿದರೆ ಸಾಕು, ಇಡೀ ಹನಿ ಸಿಡಿದು ಪುಡಿಯಾಗುತ್ತದೆ. ಇಂಗ್ಲೆಂಡಿಗೆ ಇದನ್ನು ತಂದ ರಾಜಕುಮಾರ ರೂಪರ್ಟನ ಹೆಸರೇ ಇದಕ್ಕೆ ಅಂಟಿತು. 1661ರಲ್ಲಿ ರಾಯಲ್ ಸೊಸೈಟಿಯ ವಿದ್ವಾಂಸರು ಇದನ್ನು ಪರೀಕ್ಷಿಸಿ ತಲೆ ಕೆರೆದುಕೊಂಡರು.

ಹನಿಯ ಹೊರಮೈ ಕ್ಷಣಾರ್ಧದಲ್ಲಿ ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ನಿಧಾನವಾಗಿ ತಣಿದು ಕುಗ್ಗಲು ನೋಡುತ್ತದೆ, ಆದರೆ ಹೊರ ಚಿಪ್ಪು ಬಿಡುವುದಿಲ್ಲ. ಆ ಜಗ್ಗಾಟ ಗಾಜಿನೊಳಗೆ ಶಾಶ್ವತವಾಗಿ ಸೆರೆಯಾಗುತ್ತದೆ. ಅವಸರದಲ್ಲಿ ತಣಿಸಿದ ಯಾವುದೇ ಗಾಜಿನಲ್ಲೂ ಇಂಥ ಜಗ್ಗಾಟ ಉಳಿದಿರುತ್ತದೆ. ಅದು ಕುಲುಮೆಯಲ್ಲೇ ಒಡೆಯಬಹುದು. ಇಲ್ಲವೇ ಕಪಾಟಿನಲ್ಲಿ ಆರು ತಿಂಗಳು ಸುಮ್ಮನೆ ಕೂತು ಒಂದು ರಾತ್ರಿ ಯಾರೂ ಮುಟ್ಟದೆ ಎರಡು ಹೋಳಾಗಬಹುದು.

ಇದಕ್ಕೆ ಮದ್ದೆಂದರೆ ಅನೀಲಿಂಗ್. ಗಾಜು ಪೂರ್ತಿ ಗಟ್ಟಿಯಾಗುವ ಮುನ್ನ, ಸಾಮಾನ್ಯ ಗಾಜಿನಲ್ಲಿ 550 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ, ಒಳ ಹೊರಗಿನ ಶಾಖ ಒಂದೇ ಮಟ್ಟಕ್ಕೆ ಬರುವವರೆಗೆ ತಡೆದು ನಿಲ್ಲಿಸಬೇಕು. ನಂತರ ಬಹು ನಿಧಾನವಾಗಿ ಇಳಿಸಬೇಕು. ಎಷ್ಟು ನಿಧಾನ? ಇಲ್ಲಿ ಒಂದು ಕಟು ಲೆಕ್ಕವಿದೆ. ದಪ್ಪ ಎರಡರಷ್ಟಾದರೆ ತಣಿಸುವ ವೇಗ ಅರ್ಧವಾದರೆ ಸಾಲದು, ಕಾಲು ಭಾಗವಾಗಬೇಕು. ಇಂದಿನ ಕಲಾಗಾಜಿನ ಅರ್ಧ ಅಂಗುಲದ ತಟ್ಟೆಯನ್ನು ಮೊದಲ ಹಂತದಲ್ಲಿ ಗಂಟೆಗೆ ಸುಮಾರು 55 ಡಿಗ್ರಿಯಂತೆ ಇಳಿಸಬಹುದು. ಒಂದು ಅಂಗುಲಕ್ಕೆ ಗಂಟೆಗೆ 15 ಡಿಗ್ರಿ, ನಾಲ್ಕು ಅಂಗುಲದ ಗಟ್ಟಿಗೆ ಗಂಟೆಗೆ ಒಂದೇ ಡಿಗ್ರಿ. ಸೌದೆಯ ಕುಲುಮೆಯ ಮುಂದೆ ಕೂತು ಗಂಟೆಗೊಂದು ಡಿಗ್ರಿ ಇಳಿಸುವುದು ಯಾವ ಕುಬುವಿನ ಕೃಪೆಯಿಂದಲೂ ಆಗುವ ಕೆಲಸವಲ್ಲ.

ಗಾಜಿನ ಕಣಕ

ಆವಿಗೆಯ ಗಾಜನ್ನು ಮತ್ತೆ ಬದುಕಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಫ್ರಾನ್ಸಿನ ಶಿಲ್ಪಿ ಆನ್ರಿ ಕ್ರೋ (1840–1907). ಬಣ್ಣವೂ ಆಕಾರವೂ ಬೇರ್ಪಡದ ಶಿಲ್ಪ ಅವನ ಕನಸು. ಬಣ್ಣ ಬಣ್ಣದ ಗಾಜಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಅಚ್ಚಿನೊಳಗೆ ಒತ್ತಿ, ಕುಲುಮೆಯಲ್ಲಿ ಬೆಸೆಯುವಂತೆ ಕಾಯಿಸುವ ವಿಧಾನವನ್ನು ಅವನು ಹುಡುಕಿಕೊಂಡ. ಇದರ ಫ್ರೆಂಚ್ ಹೆಸರು ‘ಪಾತ್ ದ ವೆರ್’. ಅಕ್ಷರಶಃ ಗಾಜಿನ ಕಣಕ. ಸರ್ಕಾರಿ ಪಿಂಗಾಣಿ ಕಾರ್ಖಾನೆಯಾದ ಸೆವ್ರ್ ಅವನಿಗೆ ಕೆಲಸದ ಕೋಣೆ ಮತ್ತು ಕುಲುಮೆಯನ್ನು ಒದಗಿಸಿತು. ಅಲ್ಲಿ ಅವನು ಮಾಡಿದ ‘ಬೆಂಕಿಯ ಕಥೆ’ ಎಂಬ ದೊಡ್ಡ ಉಬ್ಬುಶಿಲ್ಪ 1900ರ ಪ್ಯಾರಿಸ್ ಪ್ರದರ್ಶನವನ್ನು ಕಂಡಿತು.

ಕಾಲವೂ ಅವನಿಗೆ ಒದಗಿಬಂದಿತ್ತು. 1886ರಲ್ಲಿ ಜರ್ಮನಿಯ ಹೆರ್ಮನ್ ಸೇಗರ್, ನಿರ್ದಿಷ್ಟ ಶಾಖದಲ್ಲಿ ಬಾಗುವ ಪುಟ್ಟ ಮಣ್ಣಿನ ಶಂಕುಗಳನ್ನು ಸಿದ್ಧಪಡಿಸಿದ್ದ. ಅದೇ ಹೊತ್ತಿಗೆ ಫ್ರಾನ್ಸಿನ ಲ ಶಾತೆಲಿಯೆ ಪ್ಲಾಟಿನಂ ತಂತಿಗಳ ಉಷ್ಣಯುಗ್ಮದಿಂದ ಕುಲುಮೆಯ ಶಾಖವನ್ನು ಅಳೆಯುವ ಬಗೆ ತೋರಿಸಿದ. ಕುಲುಮೆಗೆ ಕೊನೆಗೂ ಅಂಕಿ ಬಂತು.

ಕ್ರೋನ ನಂತರ ದೆಕೋರ್ಶ್‌ಮೋಂ, ಅಲ್ಮಾರಿಕ್ ವಾಲ್ಟರ್, ಆರ್ಜಿ-ರೂಸೋ ಮುಂತಾದವರು ಈ ಕಣಕದಿಂದ ಹೂದಾನಿ, ದೀಪ, ಪುಟ್ಟ ಪ್ರಾಣಿಗಳನ್ನು ಮಾಡಿ ಹೆಸರು ಗಳಿಸಿದರು. ಆದರೆ ಪ್ರತಿಯೊಬ್ಬನೂ ತನ್ನ ಪಾಕವನ್ನು ಗುಟ್ಟಾಗಿಟ್ಟ. ನಮ್ಮ ಹಳೆಯ ನಾಟಿ ವೈದ್ಯರಂತೆ. ಹೀಗಾಗಿ ಒಬ್ಬನ ಕಾಲ ಮುಗಿದೊಡನೆ ಅವನ ವಿದ್ಯೆಯೂ ಮುಗಿಯುತ್ತಿತ್ತು, ಮುಂದಿನವನು ಸೊನ್ನೆಯಿಂದ ಆರಂಭಿಸಬೇಕಿತ್ತು. ಎರಡೂವರೆ ಸಾವಿರ ವರ್ಷಕ್ಕೂ ಹೆಚ್ಚು ಬಾಳಿದ ಮೆಸೊಪೊಟೇಮಿಯದ ಮಣ್ಣಿನ ಫಲಕಗಳ ಮುಂದೆ ಈ ಆಧುನಿಕರ ಜಿಪುಣತನ ಚಿಕ್ಕದಾಗಿಯೇ ಕಾಣುತ್ತದೆ.

ಹತ್ತು ತಿಂಗಳ ತಾಳ್ಮೆ

ದಪ್ಪ ಗಾಜನ್ನು ತಣಿಸುವ ವಿದ್ಯೆ ಗುಟ್ಟಿನಿಂದ ಲೆಕ್ಕದ ಪುಸ್ತಕಕ್ಕೆ ಬಂದದ್ದರಲ್ಲಿ ಕಲಾವಿದರಿಗಿಂತ ಖಗೋಳ ವಿಜ್ಞಾನಿಗಳ ಪಾಲು ದೊಡ್ಡದು. ದೂರದರ್ಶಕದ ಕನ್ನಡಿಗೆ ಬೇಕಾದದ್ದು ಅಗಲವಾದ, ದಪ್ಪವಾದ, ಒಳಜಗ್ಗಾಟವೇ ಇಲ್ಲದ ಗಾಜು. ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ 1917ರಲ್ಲಿ ಕೆಲಸ ಆರಂಭಿಸಿದ 100 ಅಂಗುಲದ ಕನ್ನಡಿಯನ್ನು ಫ್ರಾನ್ಸಿನಲ್ಲಿ ಎರಕ ಹೊಯ್ದದ್ದು ದ್ರಾಕ್ಷಾರಸದ ಬಾಟಲಿಗೆ ಬಳಸುವ ಗಾಜಿನಿಂದ. ಹಗಲಿನ ಬಿಸಿ ಇಳಿಯುವವರೆಗೆ ಅದರ ಆಕಾರ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಇದಕ್ಕೆ ಎರಡರಷ್ಟು ಅಗಲದ, 200 ಅಂಗುಲದ ಕನ್ನಡಿ ಬೇಕೆಂದು ಜಾರ್ಜ್ ಎಲರಿ ಹೇಲ್ ಹಟ ಹಿಡಿದರು. ಜನರಲ್ ಎಲೆಕ್ಟ್ರಿಕ್ ಕಂಪನಿ ಸ್ಫಟಿಕಶಿಲೆಯನ್ನೇ ಕರಗಿಸಿ ಮಾಡಲು ಹೋಗಿ ಸುಮಾರು ಆರು ಲಕ್ಷ ಡಾಲರ್ ಕರಗಿಸಿತು. ಕೊನೆಗೆ ಕೆಲಸ ಬಂದದ್ದು ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನ ಗಾಜಿನ ಕಾರ್ಖಾನೆಗೆ.

ಕಾರ್ನಿಂಗ್ ಬಳಿ ಪೈರೆಕ್ಸ್ ಇತ್ತು. ಅದರ ಹುಟ್ಟು ಅಡುಗೆಮನೆಯಲ್ಲೇ. ಕಂಪನಿಯ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್ ಒಮ್ಮೆ ಬ್ಯಾಟರಿಯ ಗಾಜಿನ ಜಾಡಿಯ ತಳವನ್ನು ಕತ್ತರಿಸಿ ಮನೆಗೆ ತಂದರು, ಪತ್ನಿ ಬೆಸ್ಸಿ ಅದರಲ್ಲಿ ಕೇಕ್ ಬೇಯಿಸಿದರು. ಗಾಜು ಒಡೆಯಲಿಲ್ಲ. ಆ ಜಾತಿಯ, ಕಡಿಮೆ ಹಿಗ್ಗುವ ಬೋರೋಸಿಲಿಕೇಟ್ ಗಾಜಿನ ಪಾತ್ರೆಗಳು 1915ರಲ್ಲಿ ಪೈರೆಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದವು. ಸಾಮಾನ್ಯ ಗಾಜು ಹಿಗ್ಗುವ ಮೂರನೇ ಒಂದು ಪಾಲಿನಷ್ಟೇ ಇದು ಹಿಗ್ಗುತ್ತದೆ.

1934ರ ಮಾರ್ಚ್ 25ರಂದು ಪತ್ರಕರ್ತರ, ಅತಿಥಿಗಳ ಸಮ್ಮುಖದಲ್ಲಿ ದೊಡ್ಡ ಸೌಟುಗಳಿಂದ ಕರಗಿದ ಪೈರೆಕ್ಸನ್ನು ಅಚ್ಚಿಗೆ ಹೊಯ್ಯತೊಡಗಿದರು. ಕನ್ನಡಿಯ ಬೆನ್ನಿನಲ್ಲಿ ಟೊಳ್ಳು ಬಿಡಲೆಂದು ಅಚ್ಚಿನ ತಳಕ್ಕೆ ಉಕ್ಕಿನ ಬೋಲ್ಟ್ ಹಾಕಿ ಬಿಗಿದಿದ್ದ ಗಟ್ಟಿಗಳು, ಬೋಲ್ಟ್ ಕರಗಿ, ಒಂದೊಂದಾಗಿ ಮೇಲೆ ತೇಲಿಬಂದವು. ಎಲ್ಲರ ಕಣ್ಣೆದುರೇ ಎರಕ ಕೆಟ್ಟಿತು. ಜವಾಬ್ದಾರಿ ಹೊತ್ತಿದ್ದ ಭೌತವಿಜ್ಞಾನಿ ಜಾರ್ಜ್ ಮೆಕಾಲೆ ಎದೆಗುಂದಲಿಲ್ಲ. ಡಿಸೆಂಬರ್ 2ರಂದು, ಈ ಬಾರಿ ಹೆಚ್ಚು ಸದ್ದಿಲ್ಲದೆ, ಎರಡನೆಯ ಎರಕ ಹೊಯ್ದರು.

ನಿಜವಾದ ಪರೀಕ್ಷೆ ಆಮೇಲಿನದು. ಆ ಬೃಹತ್ ಬಿಲ್ಲೆಯನ್ನು ವಿದ್ಯುತ್ ಒಲೆಯೊಳಗೆ ಹತ್ತು ತಿಂಗಳು, ದಿನಕ್ಕೆ ಒಂದು ಡಿಗ್ರಿಗೂ ಕಡಿಮೆಯಂತೆ, ತಣಿಸಬೇಕಿತ್ತು. 1935ರ ಜುಲೈಯಲ್ಲಿ ಊರಿನ ಚೆಮಂಗ್ ನದಿ ಉಕ್ಕಿ ಕಾರ್ಖಾನೆಗೆ ನುಗ್ಗಿತು. ವಿದ್ಯುತ್ ಉಪಕರಣಗಳು ನೀರಿಗೆ ಸಿಕ್ಕಿ ಸುಮಾರು ಮೂರು ದಿನ ಒಲೆಗೆ ವಿದ್ಯುತ್ತಿಲ್ಲ. ಮುಚ್ಚಳ ತೆರೆದು ನೋಡುವಂತಿಲ್ಲ, ನೋಡಿದರೆ ಇದ್ದದ್ದೂ ಹೋಗುತ್ತದೆ. ವಿದ್ಯುತ್ ಮರಳಿದ ಮೇಲೆ ಶಾಖವನ್ನು ಮತ್ತೆ ಹತೋಟಿಗೆ ತಂದು ಕಾಯುವುದಷ್ಟೇ ಉಳಿದ ದಾರಿ. ವರ್ಷದ ಕೊನೆಗೆ ಒಲೆ ತೆರೆದಾಗ ಗಾಜು ಸುರಕ್ಷಿತವಾಗಿತ್ತು. 1936ರ ವಸಂತದಲ್ಲಿ ವಿಶೇಷ ರೈಲಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಹೊರಟ ಅದು, ವರ್ಷಗಳ ಉಜ್ಜುವಿಕೆಯ ನಂತರ, 1948ರ ಜೂನ್ 3ರಂದು ಉದ್ಘಾಟನೆಯಾದ ಪಲೋಮರ್ ದೂರದರ್ಶಕದ ಕಣ್ಣಾಯಿತು.

ಕೇಕ್ ಬೇಯಿಸಿದ ಲಿಟಲ್‌ಟನ್ ದಂಪತಿಯ ಮಗ ಹಾರ್ವೆ ಕಾರ್ನಿಂಗಿನಲ್ಲೇ 1922ರಲ್ಲಿ ಹುಟ್ಟಿದವರು. ಕಾರ್ಖಾನೆಯ ಹೊರಗೆ, ಕಲಾವಿದ ತನ್ನ ಸ್ವಂತ ಚಿಕ್ಕ ಕುಲುಮೆಯಲ್ಲಿ ಗಾಜಿನ ಕೆಲಸ ಮಾಡಬಹುದೆಂದು 1962ರಲ್ಲಿ ಟೊಲೀಡೊ ನಗರದ ಕಮ್ಮಟದಲ್ಲಿ ತೋರಿಸಿ ‘ಸ್ಟುಡಿಯೋ ಗಾಜು’ ಚಳವಳಿಗೆ ನಾಂದಿ ಹಾಡಿದ್ದು ಇವರೇ.

ಬೂಟಿನ ಗುರುತು

ಅದೇ ಹೊತ್ತಿಗೆ ಯುರೋಪಿನ ಇನ್ನೊಂದು ಮೂಲೆಯಲ್ಲಿ, ಆಗಿನ ಚೆಕೊಸ್ಲೊವಾಕಿಯದಲ್ಲಿ, ಸ್ಟಾನಿಸ್ಲಾವ್ ಲಿಬೆನ್‌ಸ್ಕಿ ಮತ್ತು ಯಾರೊಸ್ಲಾವಾ ಬ್ರಿಖ್ತೊವಾ ದಂಪತಿ ಆವಿಗೆಯ ಗಾಜನ್ನು ಆಳೆತ್ತರಕ್ಕೆ ಬೆಳೆಸಿದ್ದರು. ಅವರು ಚಿತ್ರ ಬರೆಯುವರು, ಇವರು ಅದನ್ನು ಜೇಡಿಮಣ್ಣಿನಲ್ಲಿ ತಿದ್ದಿ ಅಚ್ಚು ತೆಗೆಯುವರು. ಅಚ್ಚಿಗೆ ಗಾಜಿನ ಗಟ್ಟಿ ತುಂಬಿ ಕುಲುಮೆಗಿಟ್ಟು ವಾರಗಟ್ಟಲೆ ತಣಿಸುವರು. ಒಂದೇ ಬಣ್ಣದ ಗಾಜು ದಪ್ಪವಿದ್ದಲ್ಲಿ ಕಪ್ಪಾಗಿ, ತೆಳುವಾದಲ್ಲಿ ಬೆಳಗಿನಂತೆ ತಿಳಿಯಾಗಿ ಕಾಣುತ್ತದೆ. ಕುಂಚವಿಲ್ಲದೆ ಬರಿಯ ದಪ್ಪದಿಂದಲೇ ಅವರು ನೆರಳು ಬೆಳಕನ್ನು ಬರೆದರು.

1968ರಲ್ಲಿ ಸೋವಿಯತ್ ಸೇನೆ ಪ್ರಾಗ್ ನಗರಕ್ಕೆ ನುಗ್ಗಿತು. 1970ರ ಒಸಾಕಾ ಪ್ರದರ್ಶನಕ್ಕೆಂದು ಈ ದಂಪತಿ ಮಾಡಿದ ‘ಜೀವನದಿ’ ಎಂಬ 22 ಮೀಟರ್ ಉದ್ದದ ಗಾಜಿನ ಶಿಲ್ಪದಲ್ಲಿ, ಹೆಪ್ಪುಗಟ್ಟಿದ ನದಿಯ ಮೇಲೆ ಸೈನಿಕರ ಬೂಟಿನ ಗುರುತುಗಳು ಮೂಡಿದ್ದವು. ಅಧಿಕಾರಿಗಳಿಗೆ ಅದರ ಅರ್ಥ ಕೂಡಲೇ ಆಯಿತು. ಗುರುತುಗಳನ್ನು ಅಳಿಸಿಹಾಕಿಸಿದರು. ಅಲಂಕಾರದ ವಸ್ತುವೆಂದು ಗಾಜನ್ನು ಲೆಕ್ಕಕ್ಕಿಡದೆ ಬಿಟ್ಟಿದ್ದ ಸರ್ಕಾರ ಅದಕ್ಕೆ ಹೆದರಿದ್ದು ಬಹುಶಃ ಅದೇ ಮೊದಲು.

ಕೂಡಿ ಬಾಳುವ ಬಣ್ಣಗಳು

ಒಂದೇ ಬಗೆಯ ಗಾಜನ್ನು ತಣಿಸುವುದು ಹೀಗೆ ಕೈವಶವಾಯಿತು. ಬೇರೆ ಬೇರೆ ಬಣ್ಣಗಳನ್ನು ಬೆಸೆಯುವ ಹಳೆಯ ತೊಡಕು ಮಾತ್ರ ಉಳಿದಿತ್ತು. ಬಣ್ಣಕ್ಕೆಂದು ಬೆರೆಸುವ ಲೋಹದ ಲವಣಗಳು ಗಾಜಿನ ಹಿಗ್ಗುವ ಗುಣವನ್ನೂ ಬದಲಿಸುತ್ತವೆ. ಕೆಂಪು ಒಂದು ಅಳತೆಗೆ ಕುಗ್ಗಿದರೆ ನೀಲಿ ಇನ್ನೊಂದಕ್ಕೆ. ಎಷ್ಟೇ ನಿಧಾನವಾಗಿ ತಣಿಸಿದರೂ ಅವೆರಡರ ನಡುವಿನ ಜಗಳ ತೀರುವುದಿಲ್ಲ.

ಜರ್ಮನಿಯ ಕ್ಲಾಸ್ ಮೋಯೆ (1936–2016) ಪ್ರಾಚೀನ ಮೊಸಾಯಿಕ್ ಬಟ್ಟಲಿನ ವಿದ್ಯೆಯನ್ನು ಮರಳಿ ಹಿಡಿದ ಕಲಾವಿದ. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಮೂವರು ಗೆಳೆಯರು 1974ರಲ್ಲಿ ಬುಲ್ಸ್‌ಐ ಎಂಬ ಚಿಕ್ಕ ಗಾಜಿನ ಕಾರ್ಖಾನೆ ತೆರೆದಿದ್ದರು. 1979ರಲ್ಲಿ ಭೇಟಿಯಾದಾಗ ಮೋಯೆ ಅವರ ಮುಂದಿಟ್ಟ ಬೇಡಿಕೆ ಒಂದೇ: ಎಲ್ಲ ಬಣ್ಣಗಳೂ ಒಂದಕ್ಕೊಂದು ಹೊಂದಿಕೊಳ್ಳುವ ಗಾಜು ಬೇಕು. ಕೆಲವೇ ವರ್ಷಗಳಲ್ಲಿ ಅವರು ಪರೀಕ್ಷಿಸಿ ಖಾತರಿ ಕೊಟ್ಟ ಬಣ್ಣದ ಹಾಳೆಗಳನ್ನು ಮಾರತೊಡಗಿದರು. ಮೋಯೆ 1982ರಲ್ಲಿ ಆಸ್ಟ್ರೇಲಿಯದ ಕ್ಯಾನ್ಬೆರಾ ಕಲಾಶಾಲೆಗೆ ಹೋಗಿ ಗಾಜಿನ ವಿಭಾಗ ಕಟ್ಟಿದರು. ಫ್ರಾನ್ಸಿನ ಗುಟ್ಟಿನ ಪಾಕಗಳಿಗೆ ವ್ಯತಿರಿಕ್ತವಾಗಿ ಇಲ್ಲಿ ಶಾಖ, ಸಮಯಗಳ ಕೋಷ್ಟಕಗಳು ಎಲ್ಲರಿಗೂ ತೆರೆದಿದ್ದವು.

ಆ ಖಾತರಿಯ ಪರೀಕ್ಷೆ ಯಾರು ಬೇಕಾದರೂ ಮಾಡಬಹುದಾದದ್ದು. ಬಣ್ಣವಿಲ್ಲದ ಗಾಜಿನ ಪಟ್ಟಿಯ ಮೇಲೆ ಸಂದೇಹವಿರುವ ಬಣ್ಣದ ಚಿಕ್ಕ ಚೂರನ್ನು ಬೆಸೆದು, ಚೆನ್ನಾಗಿ ತಣಿಸಿ, ಎರಡು ಪೋಲರೈಸಿಂಗ್ ಹಾಳೆಗಳ ನಡುವೆ ಹಿಡಿದು ನೋಡಬೇಕು. ಚೂರಿನ ಸುತ್ತ ಬೆಳಕಿನ ಪ್ರಭೆ ಕಂಡರೆ ಒಳಗೆ ಜಗ್ಗಾಟವಿದೆ ಎಂದರ್ಥ. ಗಾಜಿನ ಈ ಗುಣವನ್ನು 19ನೇ ಶತಮಾನದ ಆರಂಭದಲ್ಲೇ ಕಂಡುಹಿಡಿದವನು ಡೇವಿಡ್ ಬ್ರೂಸ್ಟರ್. ಮಕ್ಕಳ ಆಟಿಕೆ ಕೆಲೈಡೋಸ್ಕೋಪಿನ ಜನಕನೂ ಅವನೇ.

ಇಂದು ಈ ಕೆಲಸಕ್ಕೆ ಬೇಕಾದ ಸಲಕರಣೆ ಹೆಚ್ಚಿಲ್ಲ. ಮುಚ್ಚಳದಲ್ಲಿ ತಂತಿಸುರುಳಿ ಇರುವ ವಿದ್ಯುತ್ ಕುಲುಮೆ ಉತ್ತಮ, ಏಕೆಂದರೆ ಹಲ್ಲೆಯ ಇಡೀ ಮೇಲ್ಮೈಗೆ ಒಂದೇ ಸಮ ಶಾಖ ಬೀಳುತ್ತದೆ. ಪಕ್ಕದಿಂದ ಕಾಯುವ ಕುಂಬಾರಿಕೆಯ ವಿದ್ಯುತ್ ಕುಲುಮೆಯೂ ನಡೆದೀತು, ಇನ್ನಷ್ಟು ನಿಧಾನ ಬೇಕು. ಕುಲುಮೆಗಿಂತಲೂ ಮುಖ್ಯವಾದದ್ದು ಶಾಖವನ್ನು ಗಂಟೆಗಿಷ್ಟು ಎಂದು ಏರಿಸಿ ಇಳಿಸುವ ನಿಯಂತ್ರಕ. ಗಾಜು ಹಲಗೆಗೆ ಅಂಟದಂತೆ ಅಲ್ಯೂಮಿನಾ ಮತ್ತು ಬಿಳಿ ಜೇಡಿಯ ತಿಳಿಯನ್ನು ಬಳಿದು ಪೂರ್ತಿ ಒಣಗಿಸಬೇಕು. ಕಲಾಗಾಜು 650 ಡಿಗ್ರಿಯ ಸುಮಾರಿಗೆ ಅಚ್ಚಿನೊಳಕ್ಕೆ ಬಾಗುತ್ತದೆ. 750ರ ಹತ್ತಿರ ತುಂಡುಗಳು ತಮ್ಮ ಆಕಾರ ಬಿಡದೆ ಅಂಟಿಕೊಳ್ಳುತ್ತವೆ. 800 ದಾಟಿದರೆ ಒಂದೇ ಹಾಳೆಯಾಗಿ ಬೆರೆಯುತ್ತವೆ. ಪೂರ್ತಿ ಬೆರೆತ ಗಾಜು, ದೋಸೆಹಿಟ್ಟಿನಂತೆ, ತನಗೆ ಒಗ್ಗುವ ದಪ್ಪಕ್ಕೇ ಬಂದು ನಿಲ್ಲುತ್ತದೆ. ಆ ದಪ್ಪ ಸುಮಾರು 6 ಮಿಲಿಮೀಟರ್. 3 ಮಿಲಿಮೀಟರಿನ ಎರಡು ಹಾಳೆ ಪೇರಿಸಿದರೆ ಅಂಚು ನೇರವಾಗಿ ಉಳಿಯುತ್ತದೆ, ಒಂದೇ ಇಟ್ಟರೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಮೂರಾದರೆ ಹರಡುತ್ತದೆ.

ದುಬಾರಿ ಗಾಜು ಬೇಡವೆಂದರೆ ಕಿಟಕಿ ಗಾಜಿನಲ್ಲೂ ಅಭ್ಯಾಸ ಮಾಡಬಹುದು. ಆದರೆ ಎಲ್ಲ ತುಂಡುಗಳೂ ಒಂದೇ ಹಾಳೆಯವಾಗಿರಬೇಕು. ಕಿಟಕಿಯ ತುಂಡಿಗೆ ಬಾಟಲಿಯ ಚೂರು ಬೆಸೆದರೆ ಒಡೆಯುವ ಸಂಭವವೇ ಹೆಚ್ಚು. ಅಚ್ಚಿನ ಪುಡಿ, ಗಾಜಿನ ಪುಡಿಗಳು ಶ್ವಾಸಕೋಶಕ್ಕೆ ಕೇಡು, ಧೂಳು ತಡೆಯುವ ಮುಖಕವಚ ಇಲ್ಲದೆ ಕೈ ಹಾಕಬಾರದು. ಇಷ್ಟೆಲ್ಲ ಮಾಡಿಯೂ ಹೊಸಬರ ಕೆಲಸ ಕೆಡುವುದು ಬಹುಪಾಲು ಕೊನೆಯ ಗಳಿಗೆಯಲ್ಲಿ. ಕುಲುಮೆ ಇನ್ನೂ ಬಿಸಿಯಿರುವಾಗಲೇ ಹೇಗಾಗಿದೆ ನೋಡೋಣ ಎಂದು ಮುಚ್ಚಳ ಎತ್ತುತ್ತಾರೆ.

1980ರಲ್ಲಿ ಅರಿಜೋನಾ ವಿಶ್ವವಿದ್ಯಾನಿಲಯದ ಖಗೋಳ ವಿಜ್ಞಾನಿ ರೋಜರ್ ಏಂಜೆಲ್ ತಮ್ಮ ಮನೆಯ ಹಿತ್ತಲಿನಲ್ಲಿ ಕೈಯಾರೆ ಕಟ್ಟಿದ ಕುಲುಮೆಯಲ್ಲಿ ಕಸ್ಟರ್ಡ್ ಮಾಡುವ ಎರಡು ಪೈರೆಕ್ಸ್ ಬಟ್ಟಲುಗಳನ್ನು ಬೆಸೆದು ನೋಡಿದರು. ದಪ್ಪ ಗಾಜಿನ ಬದಲು ಜೇನುಗೂಡಿನಂಥ ತೆಳು ಗೋಡೆಗಳ ಕನ್ನಡಿ ಮಾಡಿದರೆ ಅದು ರಾತ್ರಿಯ ಗಾಳಿಯೊಡನೆ ಬೇಗ ತಣಿಯುತ್ತದೆ ಎಂಬುದು ಅವರ ವಿಚಾರ. ದಪ್ಪ ಲೋಟ, ತೆಳು ಲೋಟದ ಅದೇ ಲೆಕ್ಕ. ಹಿಗ್ಗುವ ಕಾಟವನ್ನು ತಪ್ಪಿಸಲು ಬೇರೆ ದಾರಿಯೂ ಇತ್ತು. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಕೆಲಸ ಆರಂಭಿಸಿದ ವೇಣು ಬಾಪು ದೂರದರ್ಶಕದ 2.34 ಮೀಟರ್ ಕನ್ನಡಿಗೆ ಬಳಸಿದ್ದು ಬಹುತೇಕ ಹಿಗ್ಗದೇ ಇರುವ ಜೆರೋಡರ್ ಎಂಬ ಜರ್ಮನ್ ಗಾಜನ್ನು, ಅದನ್ನು ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ. ಏಂಜೆಲ್ ತಮ್ಮ ಜೇನುಗೂಡನ್ನೇ ನಂಬಿದರು. ವಿಶ್ವವಿದ್ಯಾನಿಲಯದ ಫುಟ್ಬಾಲ್ ಕ್ರೀಡಾಂಗಣದ ಆಸನಗಳ ಕೆಳಗೆ ಇರುವ ಅವರ ಪ್ರಯೋಗಾಲಯದಲ್ಲಿ, ಅಚ್ಚಿನ ಮೇಲೆ ಗಾಜಿನ ಗಟ್ಟಿಗಳನ್ನು ಕೈಯಿಂದ ಒಂದೊಂದಾಗಿ ಜೋಡಿಸಿ, 1165 ಡಿಗ್ರಿಗೆ ಕಾಯಿಸುತ್ತಾ ಇಡೀ ಕುಲುಮೆಯನ್ನೇ ತಿರುಗಿಸುತ್ತಾರೆ. ತಿರುಗುವ ಗಾಜು ತಾನಾಗಿಯೇ ಬಟ್ಟಲಿನಂತೆ ನಡುವೆ ತಗ್ಗಾಗುತ್ತದೆ. ಜೈಂಟ್ ಮೆಗೆಲನ್ ದೂರದರ್ಶಕಕ್ಕಾಗಿ 8.4 ಮೀಟರ್ ಅಗಲದ ಏಳನೆಯ ಕನ್ನಡಿಯನ್ನು ಅಲ್ಲಿ ಎರಕ ಹೊಯ್ದದ್ದು 2023ರ ಅಕ್ಟೋಬರಿನಲ್ಲಿ. ಇಂಥ ಒಂದು ಕನ್ನಡಿ ತಣಿಯಲು ಮೂರು ತಿಂಗಳು ಬೇಕು.

1934ರ ಮಾರ್ಚಿನಲ್ಲಿ ಎಲ್ಲರೆದುರು ಕೆಟ್ಟುಹೋದ ಮೊದಲ ಪೈರೆಕ್ಸ್ ಬಿಲ್ಲೆಯನ್ನೂ ಯಾರೂ ಒಡೆದು ಹಾಕಲಿಲ್ಲ. ಕಾರ್ನಿಂಗಿನ ಗಾಜಿನ ವಸ್ತುಸಂಗ್ರಹಾಲಯದಲ್ಲಿ ಅದು ಇಂದಿಗೂ ನೆಟ್ಟಗೆ ನಿಂತಿದೆ.